ಕನಸಿನ ಕೆರೆ, ಕೆಸರಿನ ಕೆರೆ

ನಮ್ಮ ಮಿತ್ರರೊಬ್ಬರು ಕಳೆದ ಜೂನ್ ತಿಂಗಳಲ್ಲಿ ಚೀನಾ ದೇಶಕ್ಕೆ ಹೋಗಿಬಂದರು. ಬಂದ ವಾರದಲ್ಲೇ ಒಂದು ಸಂಜೆ ನಮ್ಮ ಮನೆಗೆ ದಯಮಾಡಿಸಿ, ಮುಂದಿಟ್ಟ ಕಾಫಿ ಆರಿಹೋಗುವುದನ್ನೂ ಲಕ್ಷಿಸದೆ, ಹಾಂಗ್‌ಝೌ ನಗರದ ಪಶ್ಚಿಮ ಸರೋವರದಲ್ಲಿ ತಾವು ತೆಗೆದ ಚಿತ್ರಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ಸರಿಸುತ್ತ ತೋರಿಸಿದರು. ನೂರಕ್ಕೆ ಕಡಮೆ ಇರಲಾರದು. ನೀರು, ಬಾಗಿದ ವಿಲೋ ಮರ, ಕಮಾನಿನ ಸೇತುವೆ, ಹಿಂದೆ ಮಬ್ಬುಮಬ್ಬಾದ ಬೆಟ್ಟ. ಎಲ್ಲದರ ಮುಂದೆ ಮಿತ್ರರು. ನಡುವೆ ಒಂದು ಚಿತ್ರ ಅಲುಗಿಹೋಗಿತ್ತು. ತೆಳ್ಳನೆಯ ದೋಣಿಯಲ್ಲಿ ನಿಂತ ಯಾರೋ ಒಬ್ಬಾತ ಉದ್ದ ಹಿಡಿಯ ಬಲೆಯಿಂದ ನೀರಿನ ಮೇಲಿನ ಎಲೆಕಸವನ್ನು ಎತ್ತುತ್ತಿದ್ದಂತೆ ಕಂಡಿತು. ಮಿತ್ರರು ಅದನ್ನು ಬೇಗನೆ ಸರಿಸಿಬಿಟ್ಟರು.

“ಅಲ್ಲಿ ನೋಡಲೇಬೇಕಾದ ಹತ್ತು ದೃಶ್ಯಗಳೆಂದು ಒಂದು ಲೆಕ್ಕವಿದೆ, ಮೇಷ್ಟ್ರೇ. ನಾನು ಒಂದೂವರೆ ದಿನದಲ್ಲಿ ಏಳು ಮುಗಿಸಿದೆ” ಎಂದರು.

“ಮುರಿದ ಸೇತುವೆಯ ಮೇಲೆ ಉಳಿದ ಹಿಮ ಎಂಬುದೊಂದು ಇದೆಯಲ್ಲ, ಅದನ್ನು ನೋಡಿದಿರಾ?”

“ಓಹೋ! ಇಗೋ, ಇಲ್ಲಿದೆ.”

“ಹಿಮ ಎಲ್ಲಿ?”

“ಜೂನ್ ತಿಂಗಳಲ್ಲಿ ಹಿಮ ಎಲ್ಲಿಂದ ಬರಬೇಕು? ಸೇತುವೆ ಇದೆಯಲ್ಲ!”

ಮಿತ್ರರನ್ನು ಗೇಲಿಮಾಡುವ ಉದ್ದೇಶದಿಂದ ಈ ಮಾತನ್ನು ಎತ್ತಿಕೊಂಡಿಲ್ಲ. ಅವರು ಸಜ್ಜನರು, ಕಂಡದ್ದನ್ನು ಕಂಡಂತೆ ಹೇಳಿದರು. ಆದರೆ ಆ ಸಂಜೆಯಿಂದ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಒಂದು ಸ್ಥಳವನ್ನು ನೋಡುವುದು ಎಂದರೇನು? ಸಾವಿರ ವರ್ಷಗಳಿಂದ ಕವಿಗಳು ಹಾಡಿ ಹಾಡಿ ಸವೆಸಿದ ಜಾಗಕ್ಕೆ ಹೋದವನು ನೋಡುವುದು ಜಾಗವನ್ನೋ, ಕವಿತೆಯನ್ನೋ? ನಾನಂತೂ ಆ ಸರೋವರವನ್ನು ಕಂಡವನಲ್ಲ. ಚೀನೀ ಭಾಷೆಯೂ ನನಗೆ ಬಾರದು. ಇಂಗ್ಲಿಷ್ ಅನುವಾದಗಳ ಕಿಂಡಿಯಿಂದ ಬಂದಷ್ಟು ಬೆಳಕಿನಲ್ಲಿ ಅದರ ಸಾಹಿತ್ಯವನ್ನು ಕೆಲವು ವರ್ಷಗಳಿಂದ ಓದಿಕೊಂಡು ಬಂದಿದ್ದೇನೆ. ಕಾಣದವನು ಬರೆಯಹೊರಡುವುದು ಉದ್ಧಟತನವೆಂದು ವಾಚಕರಿಗೆ ತೋರಿದರೆ, ಝಾಂಗ್ ದಾಯ್ ಎಂಬ ಮುದುಕನೊಬ್ಬನ ಸಾಕ್ಷ್ಯವನ್ನು ಕೇಳುವತನಕ ತೀರ್ಪನ್ನು ತಡೆದಿಡಬೇಕೆಂದು ಬೇಡುತ್ತೇನೆ. ಆತ ಈ ಲೇಖನದ ನಡುವೆ ಬರುತ್ತಾನೆ.

ಮೊದಲು ಆ ಹತ್ತು ದೃಶ್ಯಗಳ ಸಂಗತಿ. ಹಾಂಗ್‌ಝೌ ನಗರವು ದಕ್ಷಿಣ ಸೋಂಗ್ ಅರಸರ ರಾಜಧಾನಿಯಾಗಿದ್ದ ಕಾಲದಲ್ಲಿ, ಎಂದರೆ ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ, ಚಿತ್ರಕಾರರೂ ಕವಿಗಳೂ ಸೇರಿ ಇಟ್ಟ ಹೆಸರುಗಳು ಇವು. ಪ್ರತಿಯೊಂದೂ ನಾಲ್ಕೇ ಅಕ್ಷರ. ಸೂ ಕಟ್ಟೆಯ ಮೇಲೆ ವಸಂತದ ಬೆಳಗು, ಲೇಫೆಂಗ್ ಗೋಪುರದ ಮೇಲೆ ಸಂಜೆಯ ಬಿಸಿಲು, ನಾನ್‌ಪಿಂಗ್ ಬೆಟ್ಟದ ಇಳಿಹೊತ್ತಿನ ಗಂಟೆ, ನೆಮ್ಮದಿಯ ನೀರಿನ ಮೇಲೆ ಶರತ್ಕಾಲದ ಚಂದ್ರ, ಹೀಗೆ. ಸ್ವಲ್ಪ ಲಕ್ಷ್ಯವಿಟ್ಟು ನೋಡಿದರೆ, ಇವುಗಳಲ್ಲಿ ಹೆಚ್ಚಿನವು ಬರಿಯ ಸ್ಥಳದ ಹೆಸರುಗಳಲ್ಲವೆಂಬುದು ಹೊಳೆಯುತ್ತದೆ. ಅವು ಸ್ಥಳ ಮತ್ತು ಹೊತ್ತು ಎರಡನ್ನೂ ಗಂಟುಹಾಕಿದ ಹೆಸರುಗಳು. ಒಂದು ಬೆಳಗಿಗೆ, ಒಂದು ಸಂಜೆಗೆ, ಒಂದು ಹಿಮಕ್ಕೆ, ಒಂದು ಹುಣ್ಣಿಮೆಗೆ ಸೇರಿದ್ದು. ಗಂಟೆಯ ದೃಶ್ಯವಂತೂ ಕಣ್ಣಿನದೇ ಅಲ್ಲ, ಕಿವಿಯದು. ಇವನ್ನು ಅನುಭವಿಸುವುದಕ್ಕೆ ಒಂದು ವರ್ಷವಾದರೂ ಆ ಊರಿನಲ್ಲಿ ಬಾಳಬೇಕು. ಆ ಹೆಸರುಗಳನ್ನಿಟ್ಟವರು ಊರಲ್ಲಿದ್ದು ಕಾದವರು. ಅವಸರದ ಪ್ರವಾಸಿಯ ಮಟ್ಟಿಗೆ ಹೇಳುವುದಾದರೆ, ಆ ಪಟ್ಟಿಯು ಆತನಿಗೆ ದಾರಿ ತೋರುವುದಕ್ಕಿಂತ ಹೆಚ್ಚಾಗಿ ‘ನೀನು ಬಂದ ಹೊತ್ತು ಸರಿಯಲ್ಲ’ ಎಂದು ತಡೆಯುವಂಥದು.

ಆದರೆ 1699ರಲ್ಲಿ ಕಾಂಗ್‌ಷೀ ಚಕ್ರವರ್ತಿಯ ಸವಾರಿ ಅಲ್ಲಿಗೆ ಚಿತ್ತೈಸಿತು. ಪ್ರಭುವು ಹತ್ತು ಹೆಸರುಗಳನ್ನೂ ಸ್ವಹಸ್ತದಿಂದ ಬರೆದುಕೊಟ್ಟ. ಅಧಿಕಾರಿಗಳು ಅವನ್ನು ಕಲ್ಲಿನಲ್ಲಿ ಕೊರೆಯಿಸಿ, ಒಂದೊಂದಕ್ಕೂ ಒಂದು ಜಾಗ ಗೊತ್ತುಮಾಡಿ ನಿಲ್ಲಿಸಿದರು. ಅಲ್ಲಿಂದ ಮುಂದೆ ಹೊತ್ತು ಹೋಯಿತು, ಕಲ್ಲು ಉಳಿಯಿತು. ನಮ್ಮ ಮಿತ್ರರು ನೋಡಿ ಮುಗಿಸಿದ್ದು ಆ ಕಲ್ಲುಗಳನ್ನು.

ಸರೋವರ ಎಂಬ ಮಾತನ್ನು ಇದುವರೆಗೆ ಸಲೀಸಾಗಿ ಬಳಸಿಕೊಂಡು ಬಂದೆ. ಸರೋವರ ಎಂದೊಡನೆ ನಮ್ಮ ಮನಸ್ಸು ಮಾನಸಸರೋವರದ ಕಡೆಗೆ, ದೇವನಿರ್ಮಿತವಾದ ಅಗಾಧ ಜಲರಾಶಿಯ ಕಡೆಗೆ ಓಡುತ್ತದೆ. ಇದು ಅಂಥದಲ್ಲ. ಶೀ ಹೂ ಎಂಬ ಮೂಲದ ಹೆಸರಿಗೆ ಊರಿನ ಪಡುವಲಿಗಿರುವ ನೀರು ಎಂದಷ್ಟೇ ಅರ್ಥ; ನಮ್ಮ ಹಳ್ಳಿಯವರಾಗಿದ್ದರೆ ಪಡುಗೆರೆ ಎಂದುಬಿಡುತ್ತಿದ್ದರು. ಒಟ್ಟು ವಿಸ್ತಾರ ಸುಮಾರು 6.5 ಚದರ ಕಿಲೋಮೀಟರ್. ಈಗಿನ ಸರಾಸರಿ ಆಳ ಎರಡು ಮೀಟರಿಗಿಂತ ತುಸು ಹೆಚ್ಚು. ಎತ್ತರದ ಆಳೊಬ್ಬ ಕೈಯೆತ್ತಿ ನಿಂತರೆ ಬೆರಳ ತುದಿ ಮೇಲೆ ಕಾಣುವಷ್ಟು. ಹಿಂದೊಮ್ಮೆ ಸಮುದ್ರದ ಹಿನ್ನೀರಾಗಿದ್ದು, ಹೂಳು ತುಂಬಿ ಸಮುದ್ರದಿಂದ ಬೇರೆಯಾಗಿ ಸಿಹಿನೀರಾದದ್ದು ಇದು. ಹಾಗೆಯೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಜೌಗಾಗಿ, ಗದ್ದೆಯಾಗಿ, ಮನೆಗಳೆದ್ದು, ಅಲ್ಲೊಂದು ಕೆರೆಯಿತ್ತೆಂಬ ಮಾತೇ ಉಳಿಯುತ್ತಿರಲಿಲ್ಲ. ಅದನ್ನು ಹಾಗೆ ಬಿಡದೆ ಸಾವಿರದ ಇನ್ನೂರು ವರ್ಷಗಳಿಂದ ಮತ್ತೆ ಮತ್ತೆ ಹೂಳೆತ್ತಿ ಕೆರೆಯಾಗಿ ಉಳಿಸಿದ್ದಾರೆ. ಹಾಗೆ ಹೂಳೆತ್ತಿಸಿದವರಲ್ಲಿ ಇಬ್ಬರು ಚೀನೀ ಸಾಹಿತ್ಯದ ಮಹಾಕವಿಗಳಾಗಿದ್ದರು ಎಂಬುದು ಸಾಮಾನ್ಯ ಸಂಗತಿಯಲ್ಲ.

ಬಾಯ್ ಜೂಯಿ 822ರಿಂದ 824ರವರೆಗೆ ಆ ಪ್ರಾಂತದ ಅಧಿಕಾರಿಯಾಗಿದ್ದ. ಸರೋವರದ ಮೇಲೆ ಬರೆದ ಪದ್ಯಗಳಿಂದ ಆತನಿಗೆ ಕೀರ್ತಿ ಬಂತು. ಆದರೆ ಆ ಊರಿನಿಂದ ವರ್ಗವಾಗಿ ಹೊರಡುವ ಮುನ್ನ ಆತ ಕಲ್ಲಿನಲ್ಲಿ ಕೊರೆಯಿಸಿದ್ದು ಪದ್ಯವನ್ನಲ್ಲ. ಕೆರೆಯ ನೀರು ಒಂದು ಅಂಗುಲ ಇಳಿದರೆ ಎಷ್ಟು ಹೊಲ ನೆನೆಯುತ್ತದೆ, ತೂಬನ್ನು ಯಾವಾಗ ಎತ್ತಬೇಕು, ಏರಿಯನ್ನು ಹೇಗೆ ಕಾಯಬೇಕು ಎಂಬ ಲೆಕ್ಕದ ಬರಹ ಅದು. ಕೆರೆಯ ದುರಸ್ತಿಗಾಗಿ ಕಟ್ಟುಗೊಡಗೆ ಬಿಟ್ಟ ಶಾಸನಗಳನ್ನು ಓದಿ ಅಭ್ಯಾಸವಿರುವ ನಮಗೆ ಈ ಧ್ವನಿ ಗುರುತಿನದೇ. ಒಂದು ವಿನೋದವನ್ನೂ ಹೇಳಬೇಕು: ಇಂದು ಬಾಯ್ ಕಟ್ಟೆ ಎಂದು ಪ್ರವಾಸಿಗಳು ಓಡಾಡುವ ಏರಿಯನ್ನು ಕಟ್ಟಿಸಿದವನು ಆತನಲ್ಲ. ಅದು ಆತನಿಗಿಂತ ಹಿಂದಿನದು. ಆತ ಅದರ ಮೇಲೆ ಪದ್ಯ ಬರೆದಿದ್ದ, ಅಷ್ಟೆ. ಆತ ನಿಜವಾಗಿ ಕಟ್ಟಿಸಿದ ಏರಿ ಎಂದೋ ಅಳಿದುಹೋಯಿತು.

ಎರಡನೆಯವನು ಸೂ ಷಿ. ಸೂ ದೋಂಗ್‌ಪೋ ಎಂದು ಹೆಚ್ಚು ಪ್ರಸಿದ್ಧ. ಎರಡು ಬಾರಿ ಆತ ಹಾಂಗ್‌ಝೌದಲ್ಲಿ ಅಧಿಕಾರದಲ್ಲಿದ್ದ: 1071ರಿಂದ 1074ರವರೆಗೆ ಕೈಕೆಳಗಿನ ಅಧಿಕಾರಿಯಾಗಿ, 1089ರಿಂದ 1091ರವರೆಗೆ ಮುಖ್ಯಸ್ಥನಾಗಿ. ಮೊದಲ ಸರದಿಯಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಆ ಸರೋವರವನ್ನು ಶೀ ಷೀ ಎಂಬ ಪ್ರಾಚೀನ ಸುಂದರಿಗೆ ಹೋಲಿಸಿ ನಾಲ್ಕು ಸಾಲಿನ ಪದ್ಯ ಬರೆದ. ಬಿಸಿಲಾದರೂ ಮಳೆಯಾದರೂ ಸರೋವರ ಚೆಲುವೇ, ಹೆಚ್ಚು ಅಲಂಕರಿಸಿಕೊಂಡರೂ ಕಡಮೆ ಅಲಂಕರಿಸಿಕೊಂಡರೂ ಆ ಹೆಣ್ಣು ಚೆಲುವೆಯಾಗಿದ್ದಂತೆ, ಎಂಬುದು ಅದರ ಭಾವ. ಚೀನಾದಲ್ಲಿ ಶಾಲೆಯ ಮಕ್ಕಳಿಗೂ ಅದು ಬಾಯಿಪಾಠ. ಸರೋವರಕ್ಕೆ ಆ ಹೆಣ್ಣಿನ ಹೆಸರೇ ಅಡ್ಡಹೆಸರಾಗಿ ಉಳಿದಿದೆ.

ನನ್ನ ಎಣಿಕೆಯನ್ನು ಸಂಕೋಚವಿಲ್ಲದೆ ಹೇಳಿಬಿಡುತ್ತೇನೆ. ಆ ಪದ್ಯಕ್ಕಿಂತ, ಅದೇ ಕವಿ ಹದಿನೇಳು ವರ್ಷಗಳ ತರುವಾಯ 1090ರಲ್ಲಿ ಚಕ್ರವರ್ತಿಗೆ ಬರೆದುಕೊಂಡ ಬಿನ್ನವತ್ತಳೆ ಹೆಚ್ಚಿನ ಸಾಹಿತ್ಯ. ಅಲಂಕಾರಶಾಸ್ತ್ರದ ದೃಷ್ಟಿಯಿಂದ ನೋಡಿದರೂ ಹಾಗೆಯೇ. ಪದ್ಯದ ಉಪಮೆ ಹೊರಗಿನಿಂದ ನೋಡುವವನದು; ಚೆಲುವೆ ಎದುರಿಗಿದ್ದಾಳೆ, ಕವಿ ಇತ್ತ ನಿಂತಿದ್ದಾನೆ, ಅವಳಿಗೆ ಏನೂ ಆಗುವಂತಿಲ್ಲ. ಬಿನ್ನವತ್ತಳೆಯಲ್ಲಿ ಉಪಮೆ ಬದಲಾಗುತ್ತದೆ. ಅಲ್ಲಿ ಸರೋವರವು ಊರಿನ ಮುಖದ ಹುಬ್ಬು ಕಣ್ಣುಗಳು. ಚೆಲುವೆಯನ್ನು ನೋಡದೆ ಬದುಕಬಹುದು, ಕಣ್ಣು ಹೋದರೆ ಬದುಕುವ ಬಗೆ ಹೇಗೆ? ತಾನು ಮೊದಲು ಬಂದಾಗ ಹತ್ತರಲ್ಲಿ ಎರಡು ಮೂರು ಪಾಲನ್ನು ಕಳೆ ಮುಚ್ಚಿತ್ತು, ಈಗ ಅರ್ಧ ಮುಚ್ಚಿದೆ, ಇನ್ನು ಇಪ್ಪತ್ತು ವರ್ಷ ಹೀಗೆಯೇ ಬಿಟ್ಟರೆ ಸರೋವರವೇ ಇರುವುದಿಲ್ಲ ಎಂದು ಆತ ಲೆಕ್ಕ ಕೊಡುತ್ತಾನೆ. ಉಳಿಸಬೇಕಾದ ಕಾರಣಗಳು ಐದು: ಪುಣ್ಯಕ್ಕಾಗಿ ಬಿಟ್ಟ ಮೀನುಗಳು, ಊರಿನ ಕುಡಿಯುವ ನೀರು, ಹೊಲಗಳು, ಕಾಲುವೆಯ ದೋಣಿಗಳು, ಕೊನೆಗೆ ಮದ್ಯ ಬೇಯಿಸುವವರಿಂದ ಸರಕಾರಕ್ಕೆ ಬರುವ ತೆರಿಗೆ. ಚೆಲುವಿನ ಮಾತು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ! ಚೆಲುವಿನ ಹೆಸರಿನಲ್ಲಿ ಹಣ ಕೇಳಿದರೆ ರಾಜಧಾನಿಯಲ್ಲಿ ಯಾರೂ ಕೊಡಲಾರರೆಂಬುದು ಆ ರಸಿಕನಿಗೆ ತಿಳಿದಿತ್ತು. ಹಣ ಸಾಲದೆ, ಸನ್ಯಾಸಿಗಳಾಗಬಯಸುವವರಿಗೆ ಸರಕಾರ ಮಾರುತ್ತಿದ್ದ ಪರವಾನಗಿ ಪತ್ರಗಳನ್ನು ಕೇಳಿ ಪಡೆದು, ಅದರ ದುಡ್ಡಿನಿಂದ ಕೆಲಸ ಸಾಗಿಸಿದ. ಎರಡು ಲಕ್ಷ ಆಳುಗಳ ದಿನಗೂಲಿಯ ಕೆಲಸ. ಎತ್ತಿದ ಕಳೆಯನ್ನೂ ಕೆಸರನ್ನೂ ಎಲ್ಲಿ ಸುರಿಯುವುದು? ತೆಂಕಣ ದಡದಿಂದ ಬಡಗಣ ದಡಕ್ಕೆ ಉದ್ದಕ್ಕೂ ಸುರಿದು, ಆರು ಸೇತುವೆ ಕೂಡಿಸಿ, ಸುಮಾರು 2.8 ಕಿಲೋಮೀಟರಿನ ಕಟ್ಟೆ ಮಾಡಿದರು. ವಸಂತದ ಬೆಳಗಿನ ದೃಶ್ಯವೆಂದು ಇಂದಿಗೂ ಹೊಗಳಿಸಿಕೊಳ್ಳುವ ಸೂ ಕಟ್ಟೆ ಆ ಕೆಸರಿನ ರಾಶಿಯೇ.

ನೀರಿನ ನಡುವೆ ಮೂರು ಪುಟ್ಟ ಕಲ್ಲುಗೋಪುರಗಳಿವೆಯಲ್ಲ, ಚೀನಾದ ಒಂದು ಯುಆನ್ ನೋಟಿನ ಬೆನ್ನ ಮೇಲೂ ಅಚ್ಚಾಗಿರುವಂಥವು, ಅವುಗಳ ಮೂಲವೂ ಹೀಗೆಯೇ. ಇಲ್ಲಿಂದಾಚೆಗೆ ಯಾರೂ ನೀರಿನಲ್ಲಿ ಬೆಳೆ ಹಾಕಕೂಡದು, ಹಾಕಿದರೆ ಮತ್ತೆ ಹೂಳು ತುಂಬುತ್ತದೆ ಎಂದು ಸೂ ಷಿ ನೆಡಿಸಿದ ಎಲ್ಲೆಗಲ್ಲುಗಳು ಅವು. ಈಗ ಕಾಣುವವು ಮಿಂಗ್ ಕಾಲದಲ್ಲಿ ಹೊಸದಾಗಿ ನಿಲ್ಲಿಸಿದವು. ಹುಣ್ಣಿಮೆಯ ರಾತ್ರಿ ಅವುಗಳ ದುಂಡು ಕಿಂಡಿಗಳಲ್ಲಿ ದೀಪವಿಟ್ಟು ನೀರಿನಲ್ಲಿ ಚಂದ್ರರನ್ನು ಹುಟ್ಟಿಸುತ್ತಾರೆ.

ಹತ್ತೊಂಬತ್ತು ವರ್ಷ ಪಾಠ ಹೇಳಿದ್ದೇನೆ. ಪ್ರಕೃತಿವರ್ಣನೆಯ ಪದ್ಯ ಬಂದಾಗಲೆಲ್ಲ ‘ಕವಿ ಪ್ರಕೃತಿಯ ಮಡಿಲಲ್ಲಿ’ ಎಂದು ಶುರುಮಾಡಿ ಗಂಟೆ ಮುಗಿಸಿದ್ದೇನೆ. ಆ ಮಡಿಲಿನ ಹೂಳನ್ನು ಎತ್ತಿದವರು ಯಾರು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಇನ್ನು ಝಾಂಗ್ ದಾಯ್. 1597ರಲ್ಲಿ ಹಾಂಗ್‌ಝೌಗೆ ಸಮೀಪದ ಶಾವ್‌ಷಿಂಗ್ ಊರಿನ ಸಿರಿವಂತ ಮನೆತನದಲ್ಲಿ ಹುಟ್ಟಿದವನು. ದೀಪ, ಚಹ, ನಾಟಕ, ಸಂಗೀತ ಎಲ್ಲದರ ಹುಚ್ಚು. ಸರೋವರದ ದಡದಲ್ಲಿ ಅವರ ಮನೆಯ ತೋಟವಿತ್ತು. 1644ರಲ್ಲಿ ಮಿಂಗ್ ರಾಜ್ಯ ಉರುಳಿತು, ಮಂಚೂಗಳು ಬಂದರು. ಆಸ್ತಿ ಹೋಯಿತು, ಮಿತ್ರರು ಕೆಲವರು ಪ್ರಾಣಬಿಟ್ಟರು, ಗ್ರಂಥಭಂಡಾರ ಚೆದುರಿತು. ಉಳಿದ ದೀರ್ಘಾಯುಷ್ಯವನ್ನೆಲ್ಲ ಈತ ಬಡತನದಲ್ಲಿ ಕುಳಿತು ಬರೆಯುವುದರಲ್ಲಿ ಕಳೆದ. ಇತಿಹಾಸಕಾರ ಜಾನಥನ್ ಸ್ಪೆನ್ಸ್ 2007ರಲ್ಲಿ ಈತನ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಇಂಗ್ಲಿಷ್ ಬಲ್ಲ ವಾಚಕರು ಅದನ್ನು ಹುಡುಕಿ ಓದಬಹುದು.

ಏಳನೆಯ ಚಾಂದ್ರಮಾಸದ ಹುಣ್ಣಿಮೆಯಂದು ಸರೋವರಕ್ಕೆ ನುಗ್ಗುವ ಜನಜಂಗುಳಿಯ ಮೇಲೆ ಈತನದೊಂದು ಚಿಕ್ಕ ಪ್ರಬಂಧವಿದೆ. ಆ ರಾತ್ರಿ ನೋಡಲು ಬೇರೇನೂ ಇಲ್ಲ, ಚಂದ್ರನನ್ನು ನೋಡಬಂದವರನ್ನೇ ನೋಡಬೇಕು ಎಂದು ಆತನ ಮಾತು ಹೊರಡುತ್ತದೆ. ಅವರಲ್ಲಿ ಐದು ಬಗೆ. ಉಪ್ಪರಿಗೆಯ ದೋಣಿಯಲ್ಲಿ ವಾದ್ಯ, ಊಟ, ದೀಪಗಳ ನಡುವೆ ಕುಳಿತು ಚಂದ್ರನನ್ನು ನೋಡಲು ಬಂದೆವೆಂದು ಹೆಸರು ಮಾಡಿ ನೋಡದವರು. ದೊಡ್ಡ ಮನೆಯ ಹೆಂಗಸರೊಡನೆ ಚಂದ್ರನ ಕೆಳಗೇ ಕುಳಿತು ಅತ್ತಿತ್ತ ಕಣ್ಣಾಡಿಸುವವರು. ಚಂದ್ರನನ್ನು ನೋಡುತ್ತ, ತಾವು ನೋಡುವುದನ್ನು ಜನ ನೋಡಲಿ ಎಂದು ಬಯಸುವವರು. ಕುಡಿದು ಗುಂಪಿನಲ್ಲಿ ಕೂಗುತ್ತ ಎಲ್ಲವನ್ನೂ ಕಂಡು ಏನನ್ನೂ ಕಾಣದವರು. ಕೊನೆಗೆ, ಪುಟ್ಟ ದೋಣಿಯಲ್ಲಿ ಚಹದ ಒಲೆಯಿಟ್ಟುಕೊಂಡು ಮರದ ನೆರಳಿಗೆ ಸರಿದು ಸುಮ್ಮನೆ ನೋಡುವವರು. ನಮ್ಮ ಕಾಲದಲ್ಲಿ ಮೂರನೆಯ ಬಗೆಯವರಿಗೆ ಮೊಬೈಲು ಸಿಕ್ಕಿದೆ, ಉಳಿದದ್ದೆಲ್ಲ ಇದ್ದಂತೆಯೇ ಇದೆ.

ಈ ಪ್ರಬಂಧವನ್ನು ಬರಿಯ ವಿಡಂಬನೆ ಎಂದು ಓದುವವರಿದ್ದಾರೆ. ಹಾಗಲ್ಲ. ಬೈಯುವ ಆತುರದಲ್ಲಿ ಬರೆದಿದ್ದರೆ ಐದು ಬಗೆಯನ್ನೂ ಅಷ್ಟು ನಿಧಾನವಾಗಿ, ಅವರ ದೀಪ, ಬಟ್ಟೆ, ಬೊಬ್ಬೆಗಳ ಸಮೇತ ಕಟ್ಟಿ ನಿಲ್ಲಿಸುತ್ತಿರಲಿಲ್ಲ. ಊರಬಾಗಿಲು ಮುಚ್ಚುವ ಅವಸರಕ್ಕೆ ಜನ ಚೆದುರುತ್ತಾರೆ. ಆಮೇಲೆ ಆತನ ಗೆಳೆಯರ ದೋಣಿ ದಡಕ್ಕೆ ಬರುತ್ತದೆ, ಕಲ್ಲಿನ ಮೆಟ್ಟಿಲು ಆಗತಾನೆ ತಣ್ಣಗಾಗಿದೆ, ಚಂದ್ರ ಉಜ್ಜಿದ ಕನ್ನಡಿಯಂತಿದ್ದಾನೆ, ತಾವರೆಗಳ ನಡುವೆ ನಿದ್ದೆ. ಇದನ್ನು ಬರೆಯುವ ಹೊತ್ತಿಗೆ ಐದು ಬಗೆಯವರೂ ಹೋಗಿದ್ದರು. ಕುಡುಕರೂ, ದೊಡ್ಡ ಮನೆಯ ಹೆಂಗಸರೂ, ಬಾಗಿಲು ಕಾಯುವವರಿಗೆ ಲಂಚ ಕೊಟ್ಟು ಹೊರಬಂದ ಪೇಟೆಯವರೂ ಸೇರಿ ಆ ಲೋಕವೇ ಮುಳುಗಿತ್ತು. ಕಳೆದುಕೊಂಡವನು ಜಂಗುಳಿಯನ್ನೂ ಪ್ರೀತಿಯಿಂದ ಎಣಿಸುತ್ತಾನೆ.

ಹಿಮದ ಪ್ರಬಂಧ ಇನ್ನೂ ಚಿಕ್ಕದು. ನೂರರುವತ್ತರ ಹತ್ತಿರಹತ್ತಿರ ಅಕ್ಷರಗಳು, ಅಷ್ಟೆ. 1632-33ರ ಚಳಿಗಾಲ, ಮೂರು ದಿನ ಹಿಮ ಬಿದ್ದು ಹಕ್ಕಿಯ ದನಿಯೂ ಇಲ್ಲ. ರಾತ್ರಿಯಲ್ಲಿ ತುಪ್ಪಳದ ಅಂಗಿ ತೊಟ್ಟು, ಬೆಂಕಿಯ ಒಲೆ ಹಿಡಿದು, ಸಣ್ಣ ದೋಣಿಯಲ್ಲಿ ಒಬ್ಬನೇ ನೀರಿನ ನಡುವಣ ಮಂಟಪಕ್ಕೆ ಹೋದೆ ಎನ್ನುತ್ತಾನೆ. ಬಿಳಿಯ ಬಯಲಿನಲ್ಲಿ ಕಟ್ಟೆ ಗೀರಾಗಿ, ಮಂಟಪ ಚುಕ್ಕೆಯಾಗಿ, ದೋಣಿ ಇನ್ನೂ ಕಿರಿದಾಗಿ ಕಾಣುತ್ತದೆ. ಚೀನೀ ಭಾಷೆಯಲ್ಲಿ ಎಣಿಸುವಾಗ ಒಂದೊಂದು ವಸ್ತುವಿಗೂ ಒಂದು ಎಣಿಕೆಯ ಪದ ಹತ್ತಬೇಕು. ಇಲ್ಲಿ ಮನುಷ್ಯರಿಗೆ ಹತ್ತಿರುವುದು ಕಾಳುಗಳನ್ನು ಎಣಿಸುವ ಪದ. ಮಂಟಪದಲ್ಲಿ ಆಗಲೇ ಇಬ್ಬರು ಕುಳಿತಿದ್ದಾರೆ, ಹುಡುಗನೊಬ್ಬ ಮದ್ಯ ಕಾಯಿಸುತ್ತಿದ್ದಾನೆ. ಒತ್ತಾಯಕ್ಕೆ ಮೂರು ಬಟ್ಟಲು ಕುಡಿದು ಹಿಂದಿರುಗುವಾಗ, ಇವನೊಬ್ಬನೇ ಹುಚ್ಚನಲ್ಲ, ಇವನಂಥವರು ಇನ್ನೂ ಇದ್ದಾರೆ ಎಂದು ಅಂಬಿಗ ಗೊಣಗುತ್ತಾನೆ.

ಒಬ್ಬನೇ ಹೋದೆ ಎಂದವನ ದೋಣಿಯಲ್ಲಿ ಅಂಬಿಗ ಎಲ್ಲಿಂದ ಬಂದ? ಇದು ನಾನು ಬಹಳ ಹೊತ್ತು ನಿಂತ ಜಾಗ. ಸಿರಿವಂತನ ಎಣಿಕೆಯಲ್ಲಿ ಅಂಬಿಗ ಲೆಕ್ಕಕ್ಕೆ ಇಲ್ಲದವನು, ಇದು ಕಾಲದ ಅಹಂಕಾರ ಎಂದು ಬಿಟ್ಟುಬಿಡಬಹುದು. ಆದರೆ ಅಷ್ಟು ಚಿಕ್ಕ ಬರಹದಲ್ಲಿ ಕೊನೆಯ ಮಾತನ್ನು ಆತನಿಗೇ ಏಕೆ ಕೊಟ್ಟ? ಹಿಮದಲ್ಲಿ ಹುಟ್ಟುಹಾಕಿದವನು ಆತ, ಒಲೆಯಿಲ್ಲದೆ ನಡುಗಿದವನೂ ಆತನೇ ಇರಬೇಕು. ಗೊಣಗುವ ಹಕ್ಕು ಆತನಿಗಿತ್ತು. ತಾನು ‘ಒಬ್ಬನೇ’ ಎಂದದ್ದು ಸುಳ್ಳೆಂಬುದು ಬರೆಯುವಾಗ ಝಾಂಗ್ ದಾಯ್‌ಗೆ ತಿಳಿದಿತ್ತೆಂದೇ ನನ್ನ ನಂಬಿಕೆ. ಇನ್ನೊಂದು ಸೂಕ್ಷ್ಮ: ಪ್ರಬಂಧ ಮೊದಲಾಗುವುದೇ ಮಿಂಗ್ ದೊರೆ ಚೊಂಗ್‌ಝೆನ್‌ನ ಆಳಿಕೆಯ ಐದನೆಯ ವರ್ಷವೆಂಬ ತಾರೀಖಿನಿಂದ. ಬರೆಯುವಾಗ ಆ ದೊರೆ ನೇಣು ಹಾಕಿಕೊಂಡು ಸತ್ತು ಹೋಗಿದ್ದ, ಬೇರೆಯವರ ಶಕೆ ನಡೆಯುತ್ತಿತ್ತು.

1654ರಲ್ಲೊಮ್ಮೆ, 1657ರಲ್ಲೊಮ್ಮೆ ಆತ ಸರೋವರಕ್ಕೆ ಹಿಂದಿರುಗಿದ. ಆಗಿನ ಅನುಭವವನ್ನು 1671ರಲ್ಲಿ ‘ಪಶ್ಚಿಮ ಸರೋವರದ ಕನಸಿನ ಹುಡುಕಾಟ’ ಎಂದು ಹೆಸರಿಸಬಹುದಾದ ಪುಸ್ತಕದ ಮುನ್ನುಡಿಯಲ್ಲಿ ಹೇಳಿದ್ದಾನೆ. ಇಪ್ಪತ್ತೆಂಟು ವರ್ಷ ದೂರವಿದ್ದರೂ ಸರೋವರ ಒಂದು ದಿನವೂ ಕನಸಿಗೆ ಬಾರದಿರಲಿಲ್ಲವಂತೆ. ಹೋಗಿ ನೋಡಿದರೆ ಮಿತ್ರರ ಮನೆಗಳೂ ತಮ್ಮ ತೋಟವೂ ಹೆಂಚಿನ ಚೂರುಗಳಾಗಿದ್ದವು. ಮರಗಳಿದ್ದಲ್ಲಿ ಮರಗಳಿಲ್ಲ, ನೂರರಲ್ಲಿ ಒಂದೂ ಉಳಿದಿಲ್ಲ. ಇದ್ದುದನ್ನು ಕಳೆದುಕೊಳ್ಳುವುದಕ್ಕಿಂತ ಕನಸಿನ ಸರೋವರವನ್ನಾದರೂ ಕಾಪಾಡಿಕೊಳ್ಳೋಣವೆಂದು ಓಡಿಬಂದ. ಬಂದು ಏನು ಬರೆದ? ಐದು ಭಾಗ, ಎಪ್ಪತ್ತೆರಡು ಪ್ರಕರಣಗಳು. ಬಡಗಣ ದಾರಿ, ಪಡುವಣ ದಾರಿ, ನಡುವಣ ದಾರಿ, ತೆಂಕಣ ದಾರಿ, ಹೊರಗಿನ ದೃಶ್ಯಗಳು. ಪ್ರತಿಯೊಂದಕ್ಕೂ ಹಿಂದಿನವರ ಪದ್ಯಗಳ ಜೋಡಣೆ. ಎಂದರೆ ಪ್ರವಾಸಿಯ ಕೈಪಿಡಿಯ ರೂಪ! ತಾನು ಹೋಗಲಾರದ, ಇನ್ನೊಬ್ಬನೂ ಹೋಗಿ ಕಾಣಲಾರದ ಊರಿಗೆ ದಾರಿ ದಾರಿಯಾಗಿ ಬರೆದ ಕೈಪಿಡಿ. ಇಂಥ ಕೃತಿ ಇನ್ನೊಂದಿದ್ದರೆ ನಾನು ಕಂಡಿಲ್ಲ.

ಅದೇ ಮುನ್ನುಡಿಯಲ್ಲಿ ಒಂದು ದೃಷ್ಟಾಂತ ಬರುತ್ತದೆ. ಕಡಲತೀರಕ್ಕೆ ಹೋಗಿಬಂದ ಬೆಟ್ಟದವನೊಬ್ಬ ಅಲ್ಲಿನ ಮೀನು ಏಡಿಗಳ ರುಚಿಯನ್ನು ಬಣ್ಣಿಸಿದನಂತೆ. ಊರವರು ಆಸೆ ತಾಳಲಾರದೆ ಅವನ ಕಣ್ಣುಗಳನ್ನೇ ನೆಕ್ಕಲು ಬಂದರಂತೆ. ತಿಂದ ನಾಲಗೆಯಲ್ಲೇ ರುಚಿ ಉಳಿಯದಿರುವಾಗ ಕಣ್ಣು ನೆಕ್ಕಿದವರ ಹಸಿವು ತೀರುವುದುಂಟೆ, ಎಂದು ಝಾಂಗ್ ದಾಯ್ ತನ್ನ ಪುಸ್ತಕವನ್ನು ತಾನೇ ಹಳಿದುಕೊಳ್ಳುತ್ತಾನೆ. ಪ್ರವಾಸಸಾಹಿತ್ಯದ ಮೇಲೆ ಇದಕ್ಕಿಂತ ಕಠಿಣವಾದ ವಿಮರ್ಶೆಯನ್ನು ನಾನು ಓದಿಲ್ಲ. ವಾಚಕರಲ್ಲಿ ತೀರ್ಪು ತಡೆದಿಡಲು ಕೇಳಿಕೊಂಡದ್ದು ಈ ಸಾಕ್ಷ್ಯಕ್ಕಾಗಿ. ನಾನು ಆ ನೆಕ್ಕುವವರ ಸಾಲಿನಲ್ಲಿರುವವನು. ಆದರೆ ನಮ್ಮ ಮಿತ್ರರು, ಸರೋವರದ ದಡದಲ್ಲೇ ನಿಂತು, ತಮ್ಮ ಮೊಬೈಲಿನ ಕಣ್ಣನ್ನು ನೆಕ್ಕಿ ಬಂದರಲ್ಲ! ಹೋಗಿಬಂದ ಮಾತ್ರಕ್ಕೆ ಹಸಿವು ತೀರುತ್ತದೆಂಬ ಭರವಸೆಯೂ ಇಲ್ಲ.

ಕನ್ನಡದಲ್ಲಿ ಪ್ರವಾಸಕಥನಗಳಿಗೆ ಬರವಿಲ್ಲ. ವಿಮಾನದಲ್ಲಿ ಕೊಟ್ಟ ತಿಂಡಿಯಿಂದ ಮೊದಲಾಗಿ ‘ಅಬ್ಬ, ಎಂಥ ಶುಚಿ!’ ಎಂಬ ಉದ್ಗಾರದಲ್ಲಿ ಮುಗಿಯುವ ಪುಸ್ತಕಗಳನ್ನು ಬಿಟ್ಟರೂ, ಒಳ್ಳೆಯವು ಸಾಕಷ್ಟಿವೆ. ವಿ. ಸೀ. ಅವರ ‘ಪಂಪಾಯಾತ್ರೆ’ಯಂಥ ಬರಹದಲ್ಲಿ ನೋಡುವ ಕಣ್ಣಿನ ಹಿಂದೆ ಓದಿದ ಮನಸ್ಸು ಇರುತ್ತದೆ. ಓದು ಅಡ್ಡಿಯೆಂದು ನಾನು ಹೇಳುತ್ತಿಲ್ಲ. ಹಾಂಗ್‌ಝೌದಲ್ಲೇ ಇದಕ್ಕೊಂದು ಹಳೆಯ ಕಥೆಯಿದೆ. ನಾಲ್ಕನೆಯ ಶತಮಾನದಲ್ಲಿ ಹೂಯೀಲೀ ಎಂಬ ಹೆಸರು ಪಡೆದ ಭಾರತದ ಭಿಕ್ಷುವೊಬ್ಬ ಅಲ್ಲಿಗೆ ಬಂದು, ಸರೋವರದ ಪಡುವಣ ಬೆಟ್ಟಗಳಲ್ಲಿ ಒಂದನ್ನು ಕಂಡು, ಇದು ನಮ್ಮ ಮಗಧದ ಗೃಧ್ರಕೂಟವೇ, ಇಲ್ಲಿಗೆ ಹೇಗೆ ಹಾರಿಬಂತು ಎಂದು ಬೆರಗಾದನಂತೆ. ಜನ ನಂಬದಿರಲು, ಬೆಟ್ಟದೊಡನೆ ಬಂದಿದ್ದ ಕೋತಿಯನ್ನು ಗವಿಯಿಂದ ಕರೆದು ತೋರಿಸಿದನಂತೆ. ಅದಕ್ಕ ಇಂದಿಗೂ ಹಾರಿಬಂದ ಬೆಟ್ಟವೆಂದೇ ಹೆಸರು. ಅದರ ಎದುರಿಗೆ ಆತ ಕಟ್ಟಿದನೆನ್ನುವ ಲಿಂಗ್‌ಯಿನ್ ವಿಹಾರವಿದೆ. ‘ಇದು ನಮ್ಮ ಊರಿನ ಹಾಗೆಯೇ ಇದೆ’ ಎಂಬುದು ಪ್ರವಾಸಿಗಳ ಅತ್ಯಂತ ಸವಕಲು ಮಾತು. ಆ ಭಿಕ್ಷುವಿನ ಬಾಯಲ್ಲಿ ಅದು ಸವಕಲಾಗಿ ಕೇಳಿಸುವುದಿಲ್ಲ. ಹೇಳಿದವನು ಊರಿಗೆ ಹಿಂದಿರುಗದೆ ಅಲ್ಲೇ ನಿಂತ.

ಝಾಂಗ್ ದಾಯ್‌ನ ಎದುರು ಪಕ್ಷದ ವಾದವನ್ನೂ ಕೇಳದೆ ಬಿಡುವುದು ಅನ್ಯಾಯ. ಆ ವಾದಿ ಆತನ ಊರಿನವನೇ, ಶಾವ್‌ಷಿಂಗ್‌ನಲ್ಲಿ 1881ರಲ್ಲಿ ಹುಟ್ಟಿದ ಲೂ ಷುನ್. ಸರೋವರದ ತೆಂಕಣ ದಡದ ಲೇಫೆಂಗ್ ಗೋಪುರ ಹತ್ತನೆಯ ಶತಮಾನದ್ದು. ಬಿಳಿಯ ಹಾವೊಂದು ಹೆಣ್ಣಾಗಿ ಒಬ್ಬ ಮನುಷ್ಯನನ್ನು ಪ್ರೀತಿಸಿ ಮದುವೆಯಾದಾಗ, ಫಾಹಾಯ್ ಎಂಬ ಸನ್ಯಾಸಿ ಅವಳನ್ನು ಹಿಡಿದು ಹೂತಿಟ್ಟದ್ದು ಆ ಗೋಪುರದ ಕೆಳಗೆ ಎಂದು ಜನಪದ ಕಥೆ. 1924ರ ಸೆಪ್ಟೆಂಬರ್ 25ರಂದು ಗೋಪುರ ಕುಸಿಯಿತು. ಅದೇ ವರ್ಷ ಏಪ್ರಿಲಿನಲ್ಲಿ ನಮ್ಮ ರವೀಂದ್ರನಾಥ ಠಾಕೂರರು ಹಾಂಗ್‌ಝೌಗೆ ಹೋದಾಗ ಅದಿನ್ನೂ ನಿಂತಿತ್ತು. ರಸಿಕರು ಮರುಗಿದರು. ಲೂ ಷುನ್ ಸಂತೋಷಪಟ್ಟ. ಚಿಕ್ಕಂದಿನಲ್ಲಿ ಅಜ್ಜಿ ಆ ಕಥೆ ಹೇಳಿದಂದಿನಿಂದ ಆ ಗೋಪುರ ಬೀಳಲಿ ಎಂಬುದೊಂದೇ ತನ್ನ ಆಸೆಯಾಗಿತ್ತು ಎಂದು ಬರೆದ. ಕೆಲವು ತಿಂಗಳ ತರುವಾಯ ಇನ್ನೊಂದು ಲೇಖನದಲ್ಲಿ, ಹತ್ತು ದೃಶ್ಯಗಳಲ್ಲಿ ಒಂದು ಕಡಮೆಯಾಯಿತಲ್ಲ ಎಂದು ಕೊರಗುವವರನ್ನು ಹಿಡಿದುಕೊಂಡು, ಎಲ್ಲದರಲ್ಲೂ ಹತ್ತು ಭರ್ತಿಮಾಡುವ ಈ ಚಟ ಒಂದು ರೋಗ ಎಂದ. ಗೋಪುರ ಬಿದ್ದದ್ದಕ್ಕೆ ಒಂದು ಕಾರಣ, ಅದರ ಇಟ್ಟಿಗೆ ಮನೆಯಲ್ಲಿದ್ದರೆ ಶುಭವೆಂದು ಜನ ವರ್ಷಗಟ್ಟಲೆ ಒಂದೊಂದೇ ಕಿತ್ತು ಒಯ್ದದ್ದು. ಲೂ ಷುನ್‌ಗೆ ಅವರ ಮೇಲೂ ಕನಿಕರವಿಲ್ಲ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವವರ ಕೆಡಹುವಿಕೆ ಬೇರೆ, ಸ್ವಂತದ ಸಣ್ಣ ಲಾಭಕ್ಕೆ ಇಟ್ಟಿಗೆ ಕದಿಯುವವರದು ಬೇರೆ, ಎರಡನೆಯದರಿಂದ ಉಳಿಯುವುದು ಬರಿಯ ಕಲ್ಲುಮಣ್ಣು ಎಂಬುದು ಅವನ ವಾದ. ಬಿದ್ದ ಇಟ್ಟಿಗೆಗಳಲ್ಲಿ ಕೆಲವದರ ತೂತಿನೊಳಗೆ 975ರಲ್ಲಿ ಅಚ್ಚಾದ ಬೌದ್ಧ ಧಾರಣೀ ಸೂತ್ರದ ಸುರುಳಿಗಳು ಸಿಕ್ಕಿದವು. ಸಂಸ್ಕೃತ ಮೂಲದ ಮಂತ್ರ, ಚೀನೀ ಅಚ್ಚು, ಮಣ್ಣಿನ ಹೊಟ್ಟೆ!

ಲೂ ಷುನ್ ಹೇಳಿದ್ದರಲ್ಲಿ ನಿಜವಿದೆ. ಚೆಲುವಿನ ಹೆಸರಿನಲ್ಲಿ ನಾವು ಕಾಪಾಡುವ ಗೋಪುರದ ಕೆಳಗೆ ಯಾರನ್ನು ಹೂತಿದ್ದಾರೆಂದು ಕೇಳಲೇಬೇಕು. ಹಾಂಗ್‌ಝೌದ ಮೆತ್ತನೆಯ ಸೊಬಗೇ ಅವನಿಗೆ ಹಿಡಿಸುತ್ತಿರಲಿಲ್ಲ. 1933ರಲ್ಲಿ ಮಿತ್ರ ಯೂ ದಾಫೂ ಅಲ್ಲಿಗೆ ಮನೆ ಬದಲಿಸಹೊರಟಾಗ ತಡೆಯುವುದಕ್ಕೆಂದು ಪದ್ಯವನ್ನೇ ಬರೆದ. ಆದರೆ ಈ ಅಸ್ತ್ರವನ್ನು ಝಾಂಗ್ ದಾಯ್‌ನ ಮೇಲೆ ಎಸೆದರೆ ನಾಟುವುದಿಲ್ಲ. ಕನಸನ್ನು ಕಾಪಾಡಿಕೊಂಡೆ ಎಂದವನು, ಅದಕ್ಕೂ ಮೊದಲು ಯಾವ ಬಾಗಿಲ ಬಳಿ ಯಾರ ಮನೆ ಹೆಂಚಿನ ಚೂರಾಯಿತೆಂದು ಹೆಸರು ಹಿಡಿದು ಹೇಳಿದ್ದಾನೆ. ಕನಸುಗಾರರು ಹಾಗೆ ಲೆಕ್ಕ ಕೊಡುವುದಿಲ್ಲ. ಅವನು ಹತ್ತಕ್ಕೆ ಭರ್ತಿಮಾಡುವವನೂ ಅಲ್ಲ. ಎಪ್ಪತ್ತೆರಡು ಎಣಿಸಿದ, ಇನ್ನೂ ಬಿಟ್ಟುಹೋಗಿವೆ ಎಂಬ ಧ್ವನಿಯಲ್ಲಿ.

ಇಪ್ಪತ್ತನೆಯ ಶತಮಾನದ ನಡುವಿಗೆ ಬರುವ ಹೊತ್ತಿಗೆ ಸರೋವರದ ಸರಾಸರಿ ಆಳ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ ಉಳಿದಿತ್ತು. 1950ರ ದಶಕದಲ್ಲಿ ದೊಡ್ಡದಾಗಿ ಹೂಳೆತ್ತಿದರು. ಆಮೇಲೂ ಎರಡು ಸಲ. ಈಗ ಸಮೀಪದ ಚಿಯಾನ್‌ತಾಂಗ್ ನದಿಯಿಂದ ನೀರು ಹಾಯಿಸುತ್ತಾರೆ. 2002ರಲ್ಲಿ ಲೇಫೆಂಗ್ ಗೋಪುರವೂ ಹೊಸದಾಗಿ ಎದ್ದಿತು. ಹಳೆಯ ಇಟ್ಟಿಗೆಯ ಗುಡ್ಡೆಯನ್ನು ಗಾಜಿನೊಳಗೆ ಇಟ್ಟು, ಹತ್ತುವವರಿಗೆ ಓಡುವ ಮೆಟ್ಟಿಲನ್ನೂ ಒದಗಿಸಿದ್ದಾರೆ. ಹತ್ತು ಮತ್ತೆ ಭರ್ತಿಯಾಯಿತು. 2011ರಲ್ಲಿ ಯುನೆಸ್ಕೋ ಸಂಸ್ಥೆ ಇಡೀ ಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮಿತ್ರರು ಮೊನ್ನೆ ಮತ್ತೆ ಸಿಕ್ಕಿದ್ದರು. ಹಾಂಗ್‌ಝೌ ಚಿತ್ರಗಳಲ್ಲಿ ಒಂದು ನನಗೆ ಬೇಕಿತ್ತು ಎಂದೆ. ಸಂತೋಷದಿಂದ ಮೊಬೈಲು ತೆಗೆದು, “ಯಾವುದು, ಗೋಪುರದ್ದೋ?” ಎಂದರು. ಬಲೆ ಹಿಡಿದು ಕಸ ಎತ್ತುತ್ತಿದ್ದನಲ್ಲ, ಆ ದೋಣಿಯವನದು ಎಂದೆ. ಬಹಳ ಹೊತ್ತು ಮೇಲಕ್ಕೂ ಕೆಳಕ್ಕೂ ಸರಿಸಿ ಹುಡುಕಿದರು.

“ಅದು ಅಲುಗಿಹೋಗಿತ್ತಲ್ಲ, ಮೇಷ್ಟ್ರೇ. ಅಳಿಸಿಬಿಟ್ಟೆ ಅಂತ ಕಾಣುತ್ತೆ.”